ಹಾಜರಿ ಪುಸ್ತಕದಲ್ಲಿ ಆಟಿ ತಿಂಗಳು

ಈಗ ಆಟಿ ಬಂತೆಂದರೆ ನಮ್ಮ ಕಡೆ ಹಬ್ಬ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ, ಎಲ್ಲಿ ಹೋದರೂ ಸಭಾಭವನದ ಎದುರು ‘ಆಟಿಡೊಂಜಿ ದಿನ’ದ ಬ್ಯಾನರ್. ಒಳಗೆ ತಜಂಕಿನ ಪಲ್ಯ, ಪತ್ರೊಡೆ, ಕಣಿಲೆ ಗಸಿ, ಹಲಸಿನ ಬೀಜದ ಸಾಂತಾಣಿ. ಮೊಬೈಲಿನಲ್ಲಿ ಬಾಳೆಲೆಯ ಫೋಟೊ ತೆಗೆದು ಸ್ಟೇಟಸ್ ಹಾಕದವರಿಲ್ಲ.

ಕಳೆದ ವರ್ಷ ಇಂಥದ್ದೇ ಒಂದು ಕಾರ್ಯಕ್ರಮದ ವರದಿಗೆ ಹೋಗಿದ್ದೆ. ಊಟದ ಪಂಕ್ತಿಯಲ್ಲಿ ನನ್ನ ಪಕ್ಕ ಕೂತವರು ನಿವೃತ್ತ ಶಿಕ್ಷಕಿ. ಬೆಳ್ತಂಗಡಿ ತಾಲೂಕಿನ ಒಂದು ಇಗರ್ಜಿ ಶಾಲೆಯಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಕಲಿಸಿದವರು. ಊರಿಗೆಲ್ಲ ‘ಬಾಯಮ್ಮ ಟೀಚರ್’. ಸಾಂತಾಣಿ ಬಾಯಿಗೆ ಹಾಕಿಕೊಂಡು ಅವರು ಹೇಳಿದರು:

“ಇದನ್ನೆಲ್ಲ ಆಗ ರುಚಿಗೆ ತಿಂದದ್ದಲ್ಲ ಮಗಾ. ಆಟಿಯಲ್ಲಿ ನನ್ನ ಹಾಜರಿ ಪುಸ್ತಕ ನೋಡಬೇಕಿತ್ತು. ಕೆಲವು ಹೆಸರಿನ ಎದುರು ಇಡೀ ತಿಂಗಳು ಗೈರು.”

ಕೆಲಸಕ್ಕೆ ಸೇರಿದ ಮೊದಲ ವರ್ಷ ಅವರು ಗೈರಾದ ಮಕ್ಕಳನ್ನು ಸೋಮಾರಿಗಳು ಎಂದುಕೊಂಡಿದ್ದರಂತೆ. ಬಂದ ದಿನ ಬೆತ್ತದ ಪೆಟ್ಟು ಕೊಡುತ್ತಿದ್ದರಂತೆ. ಒಂದು ಶನಿವಾರ ಮಧ್ಯಾಹ್ನ ಕೊಡೆ ಹಿಡಿದು, ಎರಡು ತೋಡು ದಾಟಿ, ಒಬ್ಬ ಹುಡುಗನ ಮನೆಗೆ ಹೋದರು. ಮುಳಿಹುಲ್ಲಿನ ಗುಡಿಸಲು. ಒಲೆ ಹೊತ್ತಿಸಿರಲಿಲ್ಲ. ಹುಡುಗನ ತಾಯಿ ಹೇಳಿದ್ದು ಎರಡೇ ಶಬ್ದ: “ನುಪ್ಪು ಇಜ್ಜಿ.” ಅನ್ನ ಇಲ್ಲ.

“ಆವತ್ತಿನಿಂದ ಬೆತ್ತ ಬಿಟ್ಟೆ” ಎಂದರು ಟೀಚರ್. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಮಾತು ಸೇರಿಸಿದರು. “ನಮ್ಮ ಮನೆಯಲ್ಲೂ ಆಳುಗಳಿದ್ದರು. ಅವರ ಮಕ್ಕಳು ಶಾಲೆಗೆ ಹೋಗುತ್ತಾರಾ ಅಂತ ನಾನು ಒಂದು ದಿನವೂ ಕೇಳಿರಲಿಲ್ಲ.”

ಆ ಮಾತು ನನ್ನ ತಲೆಯಲ್ಲೇ ಉಳಿಯಿತು. ನಮ್ಮ ಜಿಲ್ಲೆಯ ಶಾಲೆಗಳ ಚರಿತ್ರೆಯನ್ನು ನಾವು ಹೇಳುವುದು ಕಲಿಸಿದವರ ಕಡೆಯಿಂದ. ಯಾರು ಶಾಲೆ ತೆರೆದರು, ಎಷ್ಟರಲ್ಲಿ ತೆರೆದರು, ಯಾವ ಪುಸ್ತಕ ಅಚ್ಚು ಹಾಕಿದರು ಎಂದು. ಕಲಿಸಲು ಬಂದವರು ಇಲ್ಲಿನ ಬಡ ಮಕ್ಕಳಿಂದ ಏನು ಕಲಿತರು? ಆ ಕಡೆಯಿಂದಲೂ ಒಮ್ಮೆ ನೋಡೋಣ.

ಶಾಲೆ ಬರುವ ಮೊದಲು

1801ರ ಆರಂಭದಲ್ಲಿ ಫ್ರಾನ್ಸಿಸ್ ಬುಕನನ್ ಎಂಬ ಸ್ಕಾಟ್ಲೆಂಡಿನ ವೈದ್ಯ ನಮ್ಮ ಊರುಗಳ ಮೇಲೇ ಹಾದುಹೋದ. ಟಿಪ್ಪು ಸತ್ತ ಮೇಲೆ ಈಸ್ಟ್ ಇಂಡಿಯಾ ಕಂಪನಿಯ ಕೈಗೆ ಬಂದ ಸೀಮೆಯಲ್ಲಿ ಏನು ಬೆಳೆಯುತ್ತದೆ, ಯಾರು ದುಡಿಯುತ್ತಾರೆ ಎಂದು ಬರೆದುಕೊಡುವುದು ಅವನ ಕೆಲಸ. ಮಂಗಳೂರಿನಿಂದ ಬಂಟ್ವಾಳ, ಅಲ್ಲಿಂದ ಬೆಳ್ತಂಗಡಿ, ವೇಣೂರು, ಮೂಡುಬಿದಿರೆ, ಕಾರ್ಕಳ ಅವನ ದಾರಿ. ಬಸದಿಗಳನ್ನು ನೋಡಿದ, ಅಡಿಕೆ ತೋಟ ನೋಡಿದ, ಗದ್ದೆಯ ಲೆಕ್ಕ ಬರೆದ. ತುಳುನಾಡಿನ ಗದ್ದೆಗಳಲ್ಲಿ ದುಡಿಯುವವರಲ್ಲಿ ಗುಲಾಮರೂ ಇದ್ದಾರೆ, ಅವರಿಗೆ ಕೂಲಿಯ ಬದಲು ಅಳೆದು ಕೊಡುವ ಕಾಳು ಇಷ್ಟು ಎಂಬುದೂ ಅವನ ಪುಸ್ತಕದಲ್ಲಿದೆ.

ನಮ್ಮ ಹಿರಿಯರ ಮಾತಿನಲ್ಲಿ ಅವರು ‘ಮೂಲದಾಳು’. ಭೂಮಿಯ ಜೊತೆ ಬಂದವರು, ಭೂಮಿಯ ಜೊತೆ ಕೈ ಬದಲಾಗುವವರು. ಹೆಚ್ಚಿನವರು ಮನ್ಸ, ಮೇರ ಮೊದಲಾದ ದಲಿತ ಸಮುದಾಯದವರು. 1843ರ ಐದನೇ ಕಾಯ್ದೆ ಗುಲಾಮಗಿರಿಗೆ ಕಾನೂನಿನ ಬೆಂಬಲ ಇಲ್ಲ ಎಂದಿತು. 1860ರ ದಂಡ ಸಂಹಿತೆ ಮನುಷ್ಯರನ್ನು ಗುಲಾಮರಾಗಿ ಕೊಳ್ಳುವುದು, ಮಾರುವುದು ಅಪರಾಧ ಎಂದಿತು. ಆದರೆ ಗದ್ದೆಯ ಬದುವಿನಲ್ಲಿ ಬದಲಾದದ್ದು ಹೆಸರು ಮಾತ್ರ. ಮದುವೆಗೆಂದು ಧನಿಯಿಂದ ಸಾಲ ತಗೊಂಡರೆ ಅದು ತೀರುವುದಿಲ್ಲ. ಸಾಲ ತೀರದಿದ್ದರೆ ಬೇರೆ ಕಡೆ ಕೆಲಸಕ್ಕೆ ಹೋಗುವ ಹಾಗಿಲ್ಲ. ಅಪ್ಪನ ಸಾಲ ಮಗನಿಗೆ. ಮೂಲದಾಳು ಹೋಗಿ ಸಾಲದ ಆಳು ಬಂದ, ಅಷ್ಟೆ.

ಇಂಥ ಮನೆಗಳ ಮಕ್ಕಳಿಗೆ ಪಾಠ ಹೇಳಲು ಬಂದವರು ಎದುರಿಸಿದ್ದು ಏನನ್ನು?

ಮೊದಲ ಪಾಠ: ಮಕ್ಕಳ ಭಾಷೆ ಯಾವುದು?

ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಮಿಶನ್ ಸಂಸ್ಥೆಯ ಮೊದಲ ಪಾದ್ರಿಗಳು ಮಂಗಳೂರಿಗೆ ಬಂದದ್ದು 1834ರಲ್ಲಿ. ಒಂದೆರಡು ವರ್ಷದಲ್ಲೇ ಶಾಲೆ ಶುರುವಾಯಿತು. 1841ರಲ್ಲಿ ಮುದ್ರಣಾಲಯ ಬಂತು. 1843ರಲ್ಲಿ ಹೆರ್ಮನ್ ಮೊಗ್ಲಿಂಗ್ ‘ಮಂಗಳೂರ ಸಮಾಚಾರ’ ಹೊರತಂದರು. ಕನ್ನಡದ ಮೊದಲ ಪತ್ರಿಕೆ ಅದು. ಸುದ್ದಿಯ ಕೆಲಸ ಮಾಡುವ ನಮಗೆಲ್ಲ ಅದು ಗೊತ್ತು.

ಶಾಲೆಯ ಭಾಷೆ ಕನ್ನಡ. ಆದರೆ ಎದುರಿಗೆ ಕೂತ ಬಡ ಮಕ್ಕಳ ಮನೆಮಾತು ತುಳು. ಪುಸ್ತಕದ ಕನ್ನಡ ಆ ಮಕ್ಕಳಿಗೆ ಪೇಟೆಯ ಭಾಷೆ, ಧನಿಗಳ ಲೆಕ್ಕದ ಭಾಷೆ. ಇದು ಮೇಷ್ಟ್ರುಗಳಿಗೆ ಬೇಗ ಅರ್ಥವಾಯಿತು. ಕನ್ನಡ ಕಲಿತವರು ಮತ್ತೆ ಕೂತು ತುಳು ಕಲಿತರು. ಅಮ್ಮನ್ ಎಂಬ ಪಾದ್ರಿಯ ತುಳು ಹೊಸ ಒಡಂಬಡಿಕೆ 1847ರಲ್ಲಿ ಬಂತು, ಕನ್ನಡ ಲಿಪಿಯಲ್ಲಿ. 1872ರಲ್ಲಿ ಬ್ರಿಗೆಲ್ ತುಳು ವ್ಯಾಕರಣ ಪ್ರಕಟಿಸಿದರು. ಮೊದಲು ಕ್ಯಾಮರರ್ ಶುರುಮಾಡಿ ಬಿಟ್ಟುಹೋದ ತುಳು ಶಬ್ದಗಳ ಸಂಗ್ರಹವನ್ನು ಮ್ಯಾನರ್ ಮುಂದುವರಿಸಿ 1886ರಲ್ಲಿ ತುಳು ನಿಘಂಟು ಮುಗಿಸಿದರು.

ಅದೇ ವರ್ಷ ಮ್ಯಾನರ್ ಇನ್ನೊಂದು ಕೆಲಸ ಮಾಡಿದರು. ತುಳು ಪಾಡ್ದನಗಳನ್ನು ಸಂಗ್ರಹಿಸಿ ಅಚ್ಚು ಹಾಕಿಸಿದರು. ನೇಜಿ ನೆಡುವಾಗ ಹೆಂಗಸರು ಹೇಳುವ, ಕೋಲದ ಹೊತ್ತಿಗೆ ತೆಂಬರೆ ಹಿಡಿದು ಹೇಳುವ ಕತೆಗಳು ಹಾಗೆ ಮೊದಲ ಸಲ ಪುಸ್ತಕವಾದವು.

ಇಲ್ಲಿ ಒಂದು ವಿಚಿತ್ರ ಇದೆ, ಮುಚ್ಚಿಡುವುದು ಬೇಡ. ಭೂತಾರಾಧನೆಯನ್ನು ಬಿಡಿಸಬೇಕೆಂದೇ ಬಂದವರು ಅವರು. ಅವರ ಬರಹಗಳಲ್ಲಿ ನಮ್ಮ ದೈವಗಳಿಗೆ ‘ದೆವ್ವ’ ಎಂದೇ ಹೆಸರು. ಬಿಡಿಸಬೇಕಾದರೆ ತಿಳಿಯಬೇಕು, ತಿಳಿಯಬೇಕಾದರೆ ಕೇಳಬೇಕು. ಕೇಳುತ್ತ ಕೂತವರು ಆ ಹಾಡುಗಳನ್ನು ಉಳಿಸಿಕೊಟ್ಟರು. ಮಕ್ಕಳ ಮನೆಯ ಕತೆಯನ್ನು ಬರೆದುಕೊಂಡವರಿಗೆ ಆ ಮನೆಯ ನಂಬಿಕೆಯ ಮೇಲೆ ಗೌರವ ಇರಲಿಲ್ಲ. ಇವೆರಡೂ ನಿಜ.

ಮುಂದೆ ಬಂಟ್ವಾಳದಲ್ಲಿ ಹುಟ್ಟಿದ ಪಂಜೆ ಮಂಗೇಶರಾಯರು, ಅವರೂ ಮೇಷ್ಟ್ರೇ, ಶಾಲಾ ಇನ್‌ಸ್ಪೆಕ್ಟರ್ ಆದವರು, ಕೋಟಿ ಚೆನ್ನಯರ ಕತೆಯನ್ನು ಕನ್ನಡದಲ್ಲಿ ಬರೆದರು. ಗರಡಿಯ ಕತೆಗೆ ಶಾಲೆಯ ಬಾಗಿಲು ತೆರೆಯಿತು.

ಎರಡನೇ ಪಾಠ: ಹುಡುಗ ಯಾರ ಕೈಯಲ್ಲಿದ್ದಾನೆ?

ಬಡ ಮಗು ಶಾಲೆಗೆ ಬರಬೇಕಾದರೆ ಅಪ್ಪ ಅಮ್ಮ ಒಪ್ಪಿದರೆ ಸಾಕೆಂದು ಹೊಸ ಮೇಷ್ಟ್ರುಗಳು ತಿಳಿದಿದ್ದರೆ ಆಶ್ಚರ್ಯವಿಲ್ಲ. ಇಲ್ಲಿ ಒಪ್ಪಬೇಕಾದವನು ಧನಿ. ದನ ಮೇಯಿಸುವುದು, ತೋಟಕ್ಕೆ ಸೊಪ್ಪು ಹೊರುವುದು, ನೇಜಿ ತೆಗೆಯುವುದು, ಧನಿಯ ಅಂಗಳ ಗುಡಿಸುವುದು ಮಕ್ಕಳ ಪಾಲಿನ ಕೆಲಸ. ಆಳಿನ ಮಗ ಸ್ಲೇಟು ಹಿಡಿದರೆ ನಾಳೆ ದನ ಯಾರು ನೋಡುವುದು?

ಕ್ರೈಸ್ತ ಧರ್ಮಕ್ಕೆ ಸೇರಿದ ಮನೆಗಳದ್ದು ಇನ್ನೊಂದು ಕಷ್ಟ. ತುಳುನಾಡಿನಲ್ಲಿ ಬಾಸೆಲ್ ಮಿಶನ್ ಸೇರಿದವರಲ್ಲಿ ಬಿಲ್ಲವರು ಹೆಚ್ಚು. ಮಿಶನ್ ನಿಯಮದಂತೆ ಅವರು ಶೇಂದಿ ತೆಗೆಯುವುದನ್ನು ಬಿಡಬೇಕು. ಅದು ಅವರ ಹೊಟ್ಟೆಪಾಡು. ಜಾತಿಯವರು ದೂರ ಇಟ್ಟರು, ಧನಿ ಗೇಣಿ ಭೂಮಿ ಬಿಡಿಸಿದ. ಮಕ್ಕಳು ಶಾಲೆಯಲ್ಲಿ ಅಕ್ಷರ ತಿದ್ದುತ್ತಿದ್ದಾಗ ಮನೆಯಲ್ಲಿ ಗಂಜಿಗೆ ಗತಿ ಇರಲಿಲ್ಲ.

ಪುಸ್ತಕ ಕೊಟ್ಟರೆ ಸಾಲದು, ಕೆಲಸವನ್ನೂ ಕೊಡಬೇಕು ಎಂಬುದು ಮಿಶನಿಗೆ ಹಾಗೆ ಗೊತ್ತಾಯಿತು. 1851ರ ಹೊತ್ತಿಗೆ ಹಾಲರ್ ಮಂಗಳೂರಿನ ನೇಯ್ಗೆ ಶಾಲೆ ಕಟ್ಟಿದರು. ಖಾಕಿ ಬಣ್ಣದ ಕತೆ ಬರುವುದು ಅಲ್ಲಿಂದಲೇ. 1865ರಲ್ಲಿ ಪ್ಲೆಬ್ಸ್ಟ್ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ನಮ್ಮ ನೇತ್ರಾವತಿ ದಡದ ಆವೆಮಣ್ಣು ಹೆಂಚಾಗಿ ಊರೂರಿನ ಮಾಡು ಏರಿತು. ‘ಮಂಗಳೂರು ಹೆಂಚು’ ಎಂದು ಇಂದು ಲೋಕವೆಲ್ಲ ಹೇಳುವ ವಸ್ತುವಿನ ಹಿಂದೆ ಹೊಟ್ಟೆಗಿಲ್ಲದ ಮನೆಗಳಿದ್ದವು ಎಂಬುದು ನೆನಪಿರಲಿ.

ಭೂಮಿ ಕೊಡಿಸುವ ಪ್ರಯತ್ನಗಳೂ ನಡೆದವು. ಮಂಗಳೂರಿನ ಮಿಶನ್ ಶಾಲೆಯಲ್ಲೇ ಓದಿ, 1844ರಲ್ಲಿ ಕ್ರೈಸ್ತರಾಗಿ, ಬಾಸೆಲಿಗೆ ಹೋಗಿ ಪಾದ್ರಿಯಾಗಿ ಬಂದ ಆನಂದರಾವ್ ಕೌಂಡಿನ್ಯ ಕೊಡಗಿನಲ್ಲಿ ಜೀತದ ಕುಟುಂಬಗಳಿಗೆ ಆನಂದಪುರ ಎಂಬ ನೆಲೆ ಮಾಡಿಸಿದರು. ಇಪ್ಪತ್ತನೇ ಶತಮಾನದ ಮೊದಲ ದಶಕಗಳಲ್ಲಿ ಇಟಲಿಯ ಜೆಸುವಿಟ್ ಪಾದ್ರಿ ಅಲೆಕ್ಸಾಂಡರ್ ಕಮಿಸ್ಸಾ ಕಾಸರಗೋಡು ಕಡೆಯ ನಾರಂಪಾಡಿಯಲ್ಲಿ ದಲಿತ ಕುಟುಂಬಗಳ ನಡುವೆ ಇದ್ದು ಅದೇ ದಾರಿ ಹಿಡಿದರು.

ಆದರೆ ಇಲ್ಲೂ ಒಂದು ತೊಡಕು. ಮನೆ ಮಿಶನಿನದ್ದು, ಕೆಲಸ ಮಿಶನಿನದ್ದು, ಶಾಲೆ ಮಿಶನಿನದ್ದು ಎಂದಾಗ ಪಾದ್ರಿಯೇ ಹೊಸ ಧನಿಯಾಗುವ ಅಪಾಯ ಇತ್ತು. ಹಳೆಯ ಧನಿಗೆ ಕೈಮುಗಿದವರು ಹೊಸಬರಿಗೂ ಕೈಮುಗಿದು ನಿಲ್ಲಬೇಕಾದರೆ ಬಿಡುಗಡೆ ಅರ್ಧವೇ. ಇನ್ನು ನಮ್ಮ ಹಳ್ಳಿಗಳಲ್ಲಿ ಕ್ರೈಸ್ತ ಧನಿಗಳೂ ಇದ್ದರು. ಕೊಂಕಣಿ ಕ್ರೈಸ್ತರೊಳಗೇ ಬಾಮಣ, ಚಾರಡಿ, ಸುದಿರ್ ಎಂಬ ಭೇದ ಮದುವೆಯ ಮಾತಿನ ತನಕ ಉಳಿದಿತ್ತು. ಇಗರ್ಜಿಯ ಮೆಟ್ಟಿಲು ಹತ್ತಿದ ಕೂಡಲೇ ಜಾತಿ ಹೊರಗೆ ಉಳಿಯುತ್ತಿರಲಿಲ್ಲ. ಬಾಯಮ್ಮ ಟೀಚರ್ ಹೇಳಿದ ಕೊನೆಯ ಮಾತಿನ ಭಾರ ಇರುವುದು ಇಲ್ಲೇ.

ಮೂರನೇ ಪಾಠ: ಹಸಿವು

1892ರಲ್ಲಿ ಮಂಗಳೂರಿನ ಉರ್ವ ಚಿಲಿಂಬಿಯಲ್ಲಿ ವಕೀಲ ಕುದ್ಮುಲ್ ರಂಗರಾಯರು ದಲಿತ ಮಕ್ಕಳಿಗಾಗಿ ಶಾಲೆ ತೆರೆದರು. 1859ರಲ್ಲಿ ಹುಟ್ಟಿದ ಅವರು ಸಾರಸ್ವತ ಬ್ರಾಹ್ಮಣರು, ಬ್ರಹ್ಮಸಮಾಜದವರು. ಅವರ ಸ್ವಂತ ಜಾತಿಯವರು ಅವರನ್ನು ಬಹಿಷ್ಕರಿಸಿದರು.

ಶಾಲೆ ತೆರೆದರೂ ಕಲಿಸುವವರು ಬೇಕಲ್ಲ? ದಲಿತ ಮಕ್ಕಳನ್ನು ಮುಟ್ಟಿ ಪಾಠ ಹೇಳಲು ಮೇಲ್ಜಾತಿಯ ಮೇಷ್ಟ್ರುಗಳು ಬರಲಿಲ್ಲ. ಆಗ ಸಿಕ್ಕಿದವರು ಕ್ರೈಸ್ತ ಶಿಕ್ಷಕರು. ಇದು ನಮ್ಮ ಜಿಲ್ಲೆಯ ಚರಿತ್ರೆಯಲ್ಲಿ ಒಂದು ಸಾಲಿನಲ್ಲಿ ಬಂದು ಹೋಗುವ ಸಂಗತಿ. ಯೋಚಿಸಿದರೆ ದೊಡ್ಡದು. ಶಾಲೆ ಬ್ರಹ್ಮಸಮಾಜದವರದ್ದು, ಮಕ್ಕಳು ದೈವ ನಂಬುವ ಮನೆಯವರು, ಮೇಷ್ಟ್ರು ಕ್ರೈಸ್ತರು. ಅಲ್ಲಿ ಮತಾಂತರದ ಕೆಲಸ ಇರಲಿಲ್ಲ. ಇದ್ದದ್ದು ಕಲಿಸುವ ಕೆಲಸ ಮಾತ್ರ. ಆ ಶಿಕ್ಷಕರ ಹೆಸರು ಯಾವ ಕಲ್ಲಿನ ಮೇಲೂ ನಾನು ಓದಿಲ್ಲ.

ಮಕ್ಕಳು ಬಂದರು, ನಿಂತರು, ಮತ್ತೆ ಬಂದರು. ಕೂಲಿ ಬಿಟ್ಟು ಶಾಲೆಗೆ ಬಂದರೆ ಮನೆಯಲ್ಲಿ ಒಂದು ಹೊತ್ತಿನ ಗಂಜಿ ಕಡಿಮೆ. ರಂಗರಾಯರು ಇದನ್ನು ಉಪದೇಶದಿಂದ ಸರಿಮಾಡಲು ಹೋಗಲಿಲ್ಲ. ಮಕ್ಕಳಿಗೆ ಮಧ್ಯಾಹ್ನದ ಊಟ ಹಾಕಿದರು. ಜೊತೆಗೆ ಕೈಗೆ ಸಣ್ಣ ಕಾಸು ಕೊಟ್ಟರು, ಆ ದಿನ ಕಳೆದುಕೊಂಡ ದುಡಿಮೆಯ ಬದಲಿಗೆ. 1897ರಲ್ಲಿ ಅವರು ಕಟ್ಟಿದ ಡಿಪ್ರೆಸ್ಡ್ ಕ್ಲಾಸಸ್ ಮಿಶನ್ ಮುಂದೆ ಬೇರೆ ಕಡೆಗಳಲ್ಲೂ ಶಾಲೆ ನಡೆಸಿತು, ಕೈಕಸುಬು ಕಲಿಸಿತು.

ಓದಿದರೂ ಸಾಲದು ಎಂಬುದಕ್ಕೆ ಮಂಗಳೂರಿನಲ್ಲಿ ಹೇಳುವ ಒಂದು ಪ್ರಸಂಗವಿದೆ. ಬೆಂದೂರಿನ ಒಬ್ಬ ದಲಿತ ಯುವಕನಿಗೆ ನಾಲ್ಕು ಕ್ಲಾಸು ಓದಿದ್ದಕ್ಕೆ ಕೋರ್ಟಿನಲ್ಲಿ ಸಣ್ಣ ಕೆಲಸ ಸಿಕ್ಕಿತು. ಅವನು ಒಳಗೆ ಬಂದರೆ ನಾವು ಬರುವುದಿಲ್ಲ ಎಂದರು ಉಳಿದವರು. ರಂಗರಾಯರ ಮನಸ್ಸನ್ನು ಈ ಕೆಲಸಕ್ಕೆ ತಿರುಗಿಸಿದ್ದು ಇಂಥ ಅನುಭವಗಳೇ. ಒಬ್ಬ ದಲಿತ ಮಗು ಓದಿ ಅಧಿಕಾರಿಯಾಗಿ, ಅವರ ಕಾರು ನಮ್ಮೂರ ರಸ್ತೆಯಲ್ಲಿ ಓಡುವಾಗ ಏಳುವ ಧೂಳು ತನ್ನ ತಲೆಗೆ ತಾಗಬೇಕು ಎಂಬುದು ಅವರ ಆಸೆಯಾಗಿತ್ತು. 1928ರಲ್ಲಿ ತೀರಿಕೊಂಡಾಗ ಅವರ ಇಚ್ಛೆಯಂತೆ ದಲಿತರೇ ಅವರ ದೇಹಕ್ಕೆ ಹೆಗಲು ಕೊಟ್ಟರು.

ನಮ್ಮ ಹಳ್ಳಿಗಳ ಇಗರ್ಜಿ ಶಾಲೆಗಳು

ಪೇಟೆಯಲ್ಲಿ ಕಲಿತ ಈ ಪಾಠಗಳನ್ನು ಘಟ್ಟದ ಬುಡದಲ್ಲಿ ಮತ್ತೆ ಮೊದಲಿನಿಂದ ಕಲಿಯಬೇಕಾಯಿತು. ಮೊಡಂಕಾಪು, ಸಿದ್ದಕಟ್ಟೆ, ಮಡಂತ್ಯಾರು, ಶಿರ್ತಾಡಿ, ನಾರಾವಿ, ಯಾವ ಇಗರ್ಜಿಗೆ ಹೋದರೂ ಪಕ್ಕದಲ್ಲಿ ಒಂದು ಶಾಲೆ ಕಾಣುತ್ತದೆ. 1921ರಲ್ಲಿ ರೇಮಂಡ್ ಮಸ್ಕರೇನ್ಹಸ್ ಪಾದ್ರಿ ಮಂಗಳೂರಿನಲ್ಲಿ ಕಟ್ಟಿದ ಬೆಥನಿ ಸಂಸ್ಥೆಯ ಸಿಸ್ಟರುಗಳು ಹಳ್ಳಿಯ ಹೆಣ್ಣುಮಕ್ಕಳ ಓದಿಗೆಂದೇ ಇಂಥ ಕಡೆಗಳಿಗೆ ಹೊರಟರು. ಆ ಬೆಂಚುಗಳಲ್ಲಿ ಕೂತವರು ಎಲ್ಲ ಜಾತಿಯ, ಎಲ್ಲ ಧರ್ಮದ ಮಕ್ಕಳು.

ಇಲ್ಲಿ ಹಾಜರಿ ಪುಸ್ತಕಕ್ಕೆ ಹೊಸ ಕಾರಣಗಳು ಬಂದವು. ಒಂದು ಬೀಡಿ. ಕಳೆದ ಶತಮಾನದಲ್ಲಿ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಬಡ ಮನೆಗಳ ಅಕ್ಕಿ, ಮೀನು, ಮದುವೆ ಎಲ್ಲ ನಡೆದದ್ದು ಬೀಡಿಯಿಂದ. ತಾಯಿ ತಡ್ಪೆ ಮಡಿಲಲ್ಲಿಟ್ಟು ಬೀಡಿ ಸುರುಳಿ ಸುತ್ತಿದರೆ, ಎಲೆ ಕತ್ತರಿಸುವುದು, ತುದಿ ಮಡಚುವುದು, ಕಟ್ಟು ಕಟ್ಟುವುದು ಮಕ್ಕಳ ಪಾಲು. ಬೀಡಿ ಬ್ರಾಂಚಿಗೆ ಕೊಡುವ ದಿನ ಹುಡುಗಿಯರು ಶಾಲೆಗೆ ಗೈರು. ಬಂದರೂ ಬೆರಳಲ್ಲಿ ಹೊಗೆಸೊಪ್ಪಿನ ವಾಸನೆ.

“ಹೋಮ್‌ವರ್ಕ್ ಯಾಕೆ ಮಾಡಿಲ್ಲ ಅಂತ ಕೇಳುವ ಮೊದಲು ಬೆರಳು ನೋಡುತ್ತಿದ್ದೆ” ಎಂದರು ಟೀಚರ್. ನನ್ನ ತಾಯಿಯೂ ಬೀಡಿ ಕಟ್ಟಿ ನನ್ನನ್ನು ಓದಿಸಿದವರು. ಅವರ ಮಾತು ಎಲ್ಲಿಂದ ಬಂತೆಂದು ನನಗೆ ಬಿಡಿಸಿ ಹೇಳಬೇಕಿರಲಿಲ್ಲ.

ಇನ್ನೊಂದು ಭೂಮಿ. 1974ರಲ್ಲಿ ಭೂಸುಧಾರಣೆಯ ತಿದ್ದುಪಡಿ ಜಾರಿಯಾಗಿ, ಡಿಕ್ಲರೇಶನ್ ಹಾಕಿದ ಗೇಣಿದಾರರಿಗೆ ನಮ್ಮ ಜಿಲ್ಲೆಯಲ್ಲಿ ದೊಡ್ಡ ಪ್ರಮಾಣದಲ್ಲಿ ಭೂಮಿ ಸಿಕ್ಕಿತು. ಅಂಥ ಮನೆಗಳ ಮಕ್ಕಳು ಹೈಸ್ಕೂಲು ದಾಟಿದರು, ಕಾಲೇಜಿಗೆ ಹೋದರು, ಮುಂಬಯಿಗೆ, ಗಲ್ಫಿಗೆ ಹೋದರು. ಆದರೆ ಮೂಲದಾಳು ಗೇಣಿದಾರನಲ್ಲ. ಅವನ ಹತ್ತಿರ ಗೇಣಿ ಚೀಟಿ ಇರಲಿಲ್ಲ, ಡಿಕ್ಲರೇಶನ್ ಹಾಕಲು ಗದ್ದೆ ಇರಲಿಲ್ಲ. ಹೆಚ್ಚೆಂದರೆ ಮನೆಯಡಿ, ಇಲ್ಲವೇ ಕಾಲನಿಯಲ್ಲಿ ಐದು ಸೆಂಟ್ಸ್. ಒಂದೇ ಬೆಂಚಿನಲ್ಲಿ ಕೂತ ಇಬ್ಬರು ಬಡ ಮಕ್ಕಳ ದಾರಿ ಅಲ್ಲಿ ಬೇರೆಯಾಯಿತು. ಜೀತ ಪದ್ಧತಿ ರದ್ದತಿ ಕಾಯ್ದೆ 1976ರಲ್ಲಿ ಬಂತು. ಕೊರಗರನ್ನು ಹೀನಾಯವಾಗಿ ನಡೆಸಿಕೊಳ್ಳುವ ಅಜಲು ಪದ್ಧತಿಯನ್ನು ನಿಷೇಧಿಸುವ ರಾಜ್ಯದ ಕಾಯ್ದೆ ಬರಲು 2000ನೇ ಇಸವಿಯವರೆಗೆ ಕಾಯಬೇಕಾಯಿತು.

ಈ ವ್ಯತ್ಯಾಸ ಸರಕಾರಿ ಕಡತದಲ್ಲಿ ಕಾಣುವ ಮೊದಲು ಒಂದನೇ ಕ್ಲಾಸಿನ ಟೀಚರಿಗೆ ಕಾಣುತ್ತದೆ. ಯಾರು ಜೂನಿನಲ್ಲಿ ಕೊಡೆ ತಂದರು, ಯಾರು ಬಾಳೆಲೆ ಹಿಡಿದು ಬಂದರು. ಯಾರ ಬುತ್ತಿಯಲ್ಲಿ ಅನ್ನ, ಯಾರು ಊಟದ ಗಂಟೆ ಹೊಡೆದಾಗ ಬಾವಿಕಟ್ಟೆಗೆ ಹೋಗಿ ನೀರು ಕುಡಿದು ಬಂದರು.

ಇನ್ನೂ ಮುಗಿಯದ ಪಾಠ

ಕರ್ನಾಟಕದಲ್ಲಿ ‘ಅಕ್ಷರ ದಾಸೋಹ’ದ ಬಿಸಿಯೂಟ ಮೊದಲು ಈಶಾನ್ಯದ ಜಿಲ್ಲೆಗಳಲ್ಲಿ ಶುರುವಾದದ್ದು 2002ರಲ್ಲಿ. ಮರುವರ್ಷ ನಮ್ಮ ಕಡೆಗೂ ಬಂತು. ಚಿಲಿಂಬಿಯ ಶಾಲೆ ತೆರೆದು ನೂರಹತ್ತು ವರ್ಷದ ಮೇಲೆ. ಹಸಿದ ಮಗುವಿಗೆ ಮೊದಲು ಊಟ, ಆಮೇಲೆ ಅಕ್ಷರ ಎಂಬ ಸಣ್ಣ ಮಾತು ಒಂದು ಶಾಲೆಯಿಂದ ಇಡೀ ರಾಜ್ಯಕ್ಕೆ ತಲುಪಲು ಅಷ್ಟು ಕಾಲ ಬೇಕಾಯಿತು.

ಇವತ್ತು ನಮ್ಮ ಶಾಲೆಗಳಲ್ಲಿ ಬೇರೆ ಮಕ್ಕಳು ಕೂತಿದ್ದಾರೆ. ಕಟ್ಟಡ ಕೆಲಸಕ್ಕೆ, ಕಲ್ಲಿನ ಕೋರೆಗೆ ಉತ್ತರ ಕರ್ನಾಟಕದಿಂದ ಬಂದವರ ಮಕ್ಕಳು. ಅವರಿಗೆ ಕನ್ನಡ ಬರುತ್ತದೆ, ಆಟದ ಬಯಲಿನ ತುಳು ಬರುವುದಿಲ್ಲ. ಕೆಲಸ ಮುಗಿದರೆ ಅಪ್ಪ ಅಮ್ಮ ಬೇರೆ ಊರಿಗೆ, ಮಗು ಗೈರು. ಕುದುರೆಮುಖದ ತಪ್ಪಲಿನ ಮಲೆಕುಡಿಯ ಮನೆಗಳ ಮಕ್ಕಳು ಮಳೆಗಾಲದಲ್ಲಿ ಹೊಳೆ ತುಂಬಿದರೆ ಗೈರು. ಕಾರಣ ಹೊಸದು, ಹಾಜರಿ ಪುಸ್ತಕದ ಗುರುತು ಹಳೆಯದೇ.

ಪಂಕ್ತಿ ಏಳುವ ಹೊತ್ತಿಗೆ ನಾನು ಟೀಚರನ್ನು ಕೇಳಿದೆ, ಆ ಹುಡುಗ ಮುಂದೆ ಏನಾದ?

“ಐದನೇ ಕ್ಲಾಸಿಗೆ ಬಿಟ್ಟ. ಗಾರೆ ಕೆಲಸಕ್ಕೆ ಹೋದ. ಅವನ ಮಗಳು ಈಗ ಅಂಗನವಾಡಿ ಟೀಚರ್.”

ಬಾಳೆಲೆ ಮಡಚಿ ಏಳುತ್ತ ಮತ್ತೆ ಹೇಳಿದರು: “ಮೊನ್ನೆ ಸಿಕ್ಕಿದ್ದಳು. ಎರಡು ಮಕ್ಕಳು ಒಂದು ವಾರದಿಂದ ಬರುತ್ತಿಲ್ಲ ಬಾಯಮ್ಮ, ಇವತ್ತು ಸಂಜೆ ಅವರ ಮನೆಗೆ ಹೋಗಿ ನೋಡಬೇಕು ಅಂದಳು.”